ಬರೆದ ನೋಟುಪುಸ್ತಕಗಳನ್ನು ನಲವತ್ತು ವರ್ಷ ಉಳಿಸಿಕೊಳ್ಳುವ ಬಗೆ

ಮಂಡ್ಯದ ಕಡೆಯ ನಮ್ಮ ಊರಿನಲ್ಲಿ ತಂದೆಯವರು ಆಲೆಮನೆಯ ಲೆಕ್ಕಕ್ಕೆಂದು ಇಟ್ಟುಕೊಂಡಿದ್ದ ಉದ್ದನೆಯ ಪುಸ್ತಕಗಳು ಒಟ್ಟು ಹತ್ತೊಂಬತ್ತು ಎಂದು ಅವರೇ ಹೇಳುತ್ತಿದ್ದರು. ಈಗ ಮೈಸೂರಿನ ನಮ್ಮ ಮನೆಯ ಬೀರುವಿನಲ್ಲಿ ಇರುವುದು ಏಳು ಮಾತ್ರ. ಉಳಿದವುಗಳಲ್ಲಿ ಕೆಲವನ್ನು ಗೆದ್ದಲು ತಿಂದಿತು. ಕೆಲವು ಹೆಂಚಿನ ಸೋರಿಕೆಗೆ ಸಿಕ್ಕಿ, ಪುಟಗಳು ಒಂದಕ್ಕೊಂದು ಅಂಟಿಕೊಂಡು, ಇಟ್ಟಿಗೆಯಂತೆ ಗಟ್ಟಿಯಾದವು. ಇನ್ನು ಕೆಲವನ್ನು, ಒಳಗೇನಿದೆ ಎಂಬುದು ಯಾರಿಗೂ ತಿಳಿಯದ ಕಾರಣಕ್ಕೆ, ಮನೆ ಪಾಲಾದ ವರ್ಷ ಹಳೇ ಪೇಪರಿನವನಿಗೆ ತೂಕಕ್ಕೆ ಹಾಕಿದೆವು. ಮೂರರಲ್ಲಿ ನನ್ನನ್ನು ಇಂದಿಗೂ ಕಾಡುವುದು ಈ ಕೊನೆಯದೇ. ಗೆದ್ದಲನ್ನೂ ಮಳೆಯನ್ನೂ ತಡೆಯುವುದಕ್ಕೆ ದುಡ್ಡು ಬೇಕಾಗಿತ್ತು, ರಟ್ಟಿನ ಮೇಲೆ ಎರಡು ಸಾಲು ಬರೆದಿಡುವುದಕ್ಕೆ ಏನೂ ಬೇಕಾಗಿರಲಿಲ್ಲ.

ದಿನಚರಿ, ಲೆಕ್ಕದ ಪುಸ್ತಕ, ಓದಿದ್ದರ ಟಿಪ್ಪಣಿ, ಅಡುಗೆಯ ನೋಟುಬುಕ್ಕು, ಪ್ರಯಾಣದ ಕಿರುಪುಸ್ತಕ, ಹೀಗೆ ಕೈಬರಹದಲ್ಲಿ ವರ್ಷಗಟ್ಟಲೆ ಬರೆದು ಕೂಡಿಡುವವರಿಗಾಗಿ ಈ ಬರಹ. ಉಳಿಸುವ ಕೆಲಸವನ್ನು ಪುಸ್ತಕಗಳು ಹಳತಾದ ಮೇಲೆ ಮಾಡಿದರಾಯಿತು ಎಂದು ಬಹಳ ಜನ ಭಾವಿಸುತ್ತಾರೆ. ನನ್ನ ಅನುಭವದಲ್ಲಿ ಅದರ ಮುಕ್ಕಾಲು ಪಾಲು ಮೊದಲ ಪುಟ ಬರೆಯುವ ದಿನವೇ ಮುಗಿದಿರಬೇಕು.

ಪುಸ್ತಕ ಮತ್ತು ಶಾಯಿ

ನಮ್ಮಲ್ಲಿ ಹೆಚ್ಚಿನವರ ದಿನಚರಿ ಹುಟ್ಟುವುದು ಜನವರಿಯಲ್ಲಿ ಬ್ಯಾಂಕಿನಿಂದಲೋ ವಿಮೆಯವರಿಂದಲೋ ಗೊಬ್ಬರದ ಅಂಗಡಿಯಿಂದಲೋ ಬಿಟ್ಟಿಯಾಗಿ ಬರುವ ಡೈರಿಯಲ್ಲಿ. ಅದರಲ್ಲಿ ತಾರೀಖು ಅಚ್ಚಾಗಿರುವುದು ಒಂದು ಅನುಕೂಲ. ಆದರೆ ದಿನಕ್ಕೆ ಒಂದೇ ಪುಟ ಎಂಬ ಅಳತೆಯನ್ನು ಅದು ನಮ್ಮ ಮೇಲೆ ಹೇರುತ್ತದೆ. ಮದುವೆಯೋ ಸಾವೋ ನಡೆದ ದಿನ ಜಾಗ ಸಾಲುವುದಿಲ್ಲ, ಏನೂ ನಡೆಯದ ವಾರ ಖಾಲಿ ಪುಟಗಳು ಗದರಿಸುವಂತೆ ಕಾಣುತ್ತವೆ, ಯುಗಾದಿಯ ಹೊತ್ತಿಗೆ ಅದೇ ಡೈರಿ ಹಾಲಿನ ಲೆಕ್ಕಕ್ಕೆ ಇಳಿದಿರುತ್ತದೆ. ಆದ್ದರಿಂದ ತಾರೀಖು ಅಚ್ಚಿಲ್ಲದ, ಗೆರೆ ಹಾಕಿದ ರಿಜಿಸ್ಟರು ಹೆಚ್ಚು ಕಾಲ ಕೈಹಿಡಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಮೈಸೂರಿನ ಶಿವರಾಂಪೇಟೆಯ ಕಡೆಯಾಗಲಿ ಮಂಡ್ಯದ ಪೇಟೆಬೀದಿಯಲ್ಲಾಗಲಿ ಸ್ಟೇಷನರಿ ಅಂಗಡಿಗೆ ಹೋಗಿ ‘ಎರಡು ಕ್ವೈರಿನ ರಿಜಿಸ್ಟರ್’ ಎಂದು ಕೇಳಿದರೆ ಕೊಡುತ್ತಾರೆ. ಕ್ವೈರ್ ಎಂದರೆ 24 ಹಾಳೆಗಳ ಕಟ್ಟು, ಹಾಳೆಯನ್ನು ಮಡಿಸಿ ಹೊಲಿದಾಗ ಒಂದು ಕ್ವೈರಿಗೆ 96 ಪುಟಗಳು ಸಿಗುತ್ತವೆ.

ಕೊಳ್ಳುವ ಮೊದಲು ಪುಸ್ತಕದ ಬೆನ್ನನ್ನು ಮೇಲಿನಿಂದ ನೋಡಬೇಕು. ಹಾಳೆಗಳು ಸಣ್ಣ ಸಣ್ಣ ಮಡಿಕೆಗಳಾಗಿ ಸೇರಿದ್ದು, ಪ್ರತಿ ಮಡಿಕೆಯ ನಡುವೆ ದಾರ ಕಂಡರೆ ಅದು ಹೊಲಿಗೆಯ ಪುಸ್ತಕ; ಅಂಥದ್ದು ಮೇಜಿನ ಮೇಲೆ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ, ರಟ್ಟು ಹರಿದರೂ ಪುಟ ಉದುರುವುದಿಲ್ಲ. ಬಿಡಿಹಾಳೆಗಳ ಅಂಚಿಗೆ ಅಂಟು ಬಳಿದು ಕಟ್ಟಿದ ಪುಸ್ತಕ ಹೊಸದರಲ್ಲಿ ಅಂದವಾಗಿದ್ದರೂ ಅಂಟು ಒಣಗಿ ಬಿರಿದ ದಿನ ಗೊಂಚಲು ಗೊಂಚಲಾಗಿ ಕಳಚಿಕೊಳ್ಳುತ್ತದೆ. ಸುರುಳಿ ತಂತಿಯ ಪುಸ್ತಕವನ್ನು ನಾನು ಕೂಡಿಡುವ ಬರಹಕ್ಕೆ ಬಳಸುವುದಿಲ್ಲ. ತಂತಿ ತುಕ್ಕು ಹಿಡಿಯುತ್ತದೆ, ತೂತುಗಳು ಹರಿಯುತ್ತವೆ, ಬೆನ್ನಿನ ಮೇಲೆ ಹೆಸರು ಬರೆಯುವುದಕ್ಕೆ ಜಾಗವೂ ಇರುವುದಿಲ್ಲ.

ಕಾಗದದ ವಿಷಯದಲ್ಲಿ ಅಂಗಡಿಯವರು ಹೇಳುವ ಜಿಎಸ್‌ಎಂ ಎಂಬ ಅಳತೆ ಒಂದು ಚದರ ಮೀಟರ್ ಹಾಳೆಯ ತೂಕವನ್ನು ಗ್ರಾಂನಲ್ಲಿ ಸೂಚಿಸುತ್ತದೆ. ಶಾಲೆಯ ಅಗ್ಗದ ನೋಟುಪುಸ್ತಕಗಳಲ್ಲಿ ಅದು ಸಾಮಾನ್ಯವಾಗಿ ಐವತ್ತರ ಆಸುಪಾಸಿನಲ್ಲಿದ್ದು, ಇಂಕ್ ಪೆನ್ನಿನಲ್ಲಿ ಬರೆದರೆ ಹಿಂಬದಿಗೆ ಹಾಯುತ್ತದೆ. 70 ಅಥವಾ 80 ಇದ್ದರೆ ಎರಡೂ ಬದಿ ನೆಮ್ಮದಿಯಾಗಿ ಬರೆಯಬಹುದು. ಆದರೆ ದಪ್ಪ ಕಾಗದವೆಲ್ಲ ಬಾಳಿಕೆಯ ಕಾಗದವಲ್ಲ. ಕಾಗದ ಹಳದಿಯಾಗಿ ಪುಡಿಯಾಗುವುದಕ್ಕೆ ಎರಡು ಮುಖ್ಯ ಕಾರಣಗಳಿವೆ: ಮರದ ತಿರುಳಿನಲ್ಲಿ ಉಳಿದ ಲಿಗ್ನಿನ್ ಎಂಬ ಅಂಶ ಬೆಳಕು ಮತ್ತು ಗಾಳಿಗೆ ಬಣ್ಣಗೆಡುವುದು, ಮತ್ತು ತಯಾರಿಕೆಯಲ್ಲಿ ಸೇರಿದ ಆಮ್ಲ ನಾರನ್ನು ಒಳಗಿನಿಂದ ಕತ್ತರಿಸುತ್ತ ಹೋಗುವುದು. ದಿನಪತ್ರಿಕೆಯನ್ನು ಬಿಸಿಲಿಗೆ ಬಿಟ್ಟರೆ ಕೆಲವೇ ದಿನಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಹೊಸ ಬಗೆಯ ಪುಸ್ತಕವನ್ನು ಡಜನ್ನುಗಟ್ಟಲೆ ಕೊಳ್ಳುವ ಮುನ್ನ ಒಂದರಿಂದ ಹಾಳೆ ಕಿತ್ತು, ಅರ್ಧಕ್ಕೆ ರಟ್ಟು ಮುಚ್ಚಿ, ಪಡುವಣ ಕಿಟಕಿಯಲ್ಲಿ ಒಂದು ತಿಂಗಳು ಇಡಿ. ಮುಚ್ಚಿದ ಭಾಗಕ್ಕೂ ಬಿಸಿಲು ಕಂಡ ಭಾಗಕ್ಕೂ ಬಣ್ಣ ಎದ್ದು ಕಾಣುವಷ್ಟು ಬೇರೆಯಾದರೆ ಆ ಪುಸ್ತಕ ಕಿರಾಣಿ ಪಟ್ಟಿಗೆ ಸಾಕು.

ಇಲ್ಲಿ ಒಂದು ಹಳೆಯ ಮಾತು ನೆನಪಾಗುತ್ತದೆ. ಇಂದು ನಾವು ಕಚೇರಿಯ ಫೈಲಿಗೆ ಕಡತ ಎನ್ನುತ್ತೇವೆ. ಮೂಲದಲ್ಲಿ ಕಡತವೆಂದರೆ ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿಟ್ಟ ಕಪ್ಪು ಪುಸ್ತಕ; ಶಾನುಭೋಗರೂ ವ್ಯಾಪಾರಿಗಳೂ ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಬಟ್ಟೆ ಗಟ್ಟಿ, ಬರಹ ಮಾತ್ರ ಒರೆಸಿದರೆ ಹೋಗುವಂಥದ್ದು. ನಮ್ಮ ಕಾಲದ ಪುಸ್ತಕಗಳ ಪಾಡೂ ಬಹಳ ಸಲ ಹೀಗೆಯೇ: ಹಾಳೆ ಉಳಿಯುತ್ತದೆ, ಶಾಯಿ ಉಳಿಯುವುದಿಲ್ಲ.

ಬಾಟಲಿಯಲ್ಲಿ ಸಿಗುವ ಸಾಮಾನ್ಯ ನೀಲಿ ಇಂಕು ನೀರಿನಲ್ಲಿ ಕರಗುವ ಬಣ್ಣದಿಂದ ಮಾಡಿದ್ದು. ಬರೆಯುವಾಗ ಸುಖವಾಗಿದ್ದರೂ ಒಂದು ಲೋಟ ಕಾಫಿ ಚೆಲ್ಲಿದರೆ ಪುಟವೇ ತೊಳೆದುಹೋಗುತ್ತದೆ, ಬೆಳಕಿಗೆ ಬೇಗ ಮಾಸುತ್ತದೆ. ಎಣ್ಣೆಯಂಶದ ಬಾಲ್‌ಪೆನ್ನಿನ ಶಾಯಿ ನೀರಿಗೆ ಅಷ್ಟಾಗಿ ಜಗ್ಗುವುದಿಲ್ಲ, ಆದರೆ ಬಿಸಿಲಿಗೆ ಮಸುಕಾಗುತ್ತದೆ. ಬಣ್ಣದ ಕಣಗಳಿರುವ ಪಿಗ್ಮೆಂಟ್ ಶಾಯಿಯ ಪೆನ್ನುಗಳು ನೀರು, ಬೆಳಕು ಎರಡನ್ನೂ ಚೆನ್ನಾಗಿ ತಡೆಯುತ್ತವೆ; ಪೆನ್ನಿನ ಮೇಲೆ ಹಾಗೆಂದು ಅಚ್ಚಾಗಿರುವುದನ್ನು ನೋಡಿ ಕಪ್ಪುಬಣ್ಣದ್ದನ್ನೇ ಕೊಳ್ಳುವುದು ಒಳ್ಳೆಯದು. ಪೆನ್ಸಿಲಿನ ಬರಹವನ್ನು ಹಗುರವಾಗಿ ಕಾಣಬೇಕಾಗಿಲ್ಲ. ಅದರ ಸೀಸ ನಿಜವಾಗಿ ಇಂಗಾಲವಾದ್ದರಿಂದ ಮಾಸುವುದೂ ಇಲ್ಲ, ನೀರಿಗೆ ಹರಡುವುದೂ ಇಲ್ಲ. ಉಜ್ಜಿದರೆ ಮಾತ್ರ ಮಂಕಾಗುತ್ತದೆ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ 1962ರಿಂದ ನಮ್ಮ ಮೈಸೂರಿನ ಕಾರ್ಖಾನೆಯಿಂದಲೇ ದೇಶಕ್ಕೆಲ್ಲ ಹೋಗುತ್ತಿದೆ. ಇಂಥ ಊರಿನಲ್ಲಿದ್ದುಕೊಂಡು ಅಳಿಸಿಹೋಗುವ ಇಂಕಿನಲ್ಲಿ ದಿನಚರಿ ಬರೆಯುವುದು ನಾಚಿಕೆಯ ಸಂಗತಿ ಎಂದು ಗೆಳೆಯರೊಬ್ಬರು ತಮಾಷೆ ಮಾಡುತ್ತಿದ್ದರು. ಆ ಶಾಯಿ ಸಿಲ್ವರ್ ನೈಟ್ರೇಟಿನದು, ಚರ್ಮಕ್ಕೆಂದು ಮಾಡಿದ್ದು, ಪುಸ್ತಕಕ್ಕೆ ಅಲ್ಲ.

ಬರೆಯುವ ಕ್ರಮ

ಪ್ರತಿ ಬರಹದ ತಲೆಯಲ್ಲಿ ತಾರೀಖು, ತಿಂಗಳು, ಪೂರ್ತಿ ವರ್ಷ, ವಾರ, ಊರು ಇಷ್ಟೂ ಇರಬೇಕು. ‘3/7’ ಎಂದಷ್ಟೇ ಬರೆದ ಪುಟ ಹತ್ತು ವರ್ಷದ ಮೇಲೆ ಯಾವ ವರ್ಷದ್ದೆಂದು ಬರೆದವರಿಗೇ ಗೊತ್ತಾಗುವುದಿಲ್ಲ. ವಾರವನ್ನೂ ಬರೆಯಿರಿ ಎನ್ನುವುದಕ್ಕೆ ಕಾರಣವಿದೆ: ತಾರೀಖು ತಪ್ಪಿ ಬಿದ್ದಿದ್ದರೆ ವಾರ ಅದನ್ನು ಹಿಡಿದುಕೊಡುತ್ತದೆ, ವರ್ಷ ಅಳಿಸಿಹೋಗಿದ್ದರೆ ತಾರೀಖು-ವಾರ ಎರಡನ್ನೂ ಸೇರಿಸಿ ವರ್ಷವನ್ನು ಊಹಿಸಬಹುದು. ಪುಸ್ತಕ ಶುರುಮಾಡುವ ದಿನವೇ ಎಲ್ಲ ಪುಟಗಳಿಗೂ ಅಂಕಿ ಹಾಕಿ, ಕೊನೆಯ ನಾಲ್ಕು ಪುಟಗಳನ್ನು ಪರಿವಿಡಿಗೆಂದು ಬಿಡಬೇಕು. ದಿನವೂ ಪರಿವಿಡಿ ಬರೆಯುವ ಶಿಸ್ತು ನನಗಂತೂ ಬರಲಿಲ್ಲ. ಪುಸ್ತಕ ಮುಗಿದ ದಿನ ಒಂದು ಸಂಜೆ ಕುಳಿತು, ಮೊದಲಿನಿಂದ ಓದುತ್ತ, ಮುಂದೆ ಯಾವುದನ್ನು ಹುಡುಕಬೇಕಾಗಬಹುದೋ ಅದನ್ನು ಮಾತ್ರ ಪುಟಸಂಖ್ಯೆಯೊಂದಿಗೆ ಬರೆಯುತ್ತೇನೆ. ‘ಬೋರ್‌ವೆಲ್ ಕೊರೆಸಿದ್ದು 41, ಅಮ್ಮನ ಕಣ್ಣಿನ ಆಪರೇಷನ್ 58, ಗೃಹಪ್ರವೇಶದ ಅಡುಗೆಯವರ ಲೆಕ್ಕ 77’ ಎನ್ನುವಂಥ ಮೂವತ್ತು ನಲವತ್ತು ಸಾಲು ಸಾಕು.

ಪುಸ್ತಕಗಳಿಗೆ ಒಂದೇ ಸರಣಿಯಲ್ಲಿ ಸಂಖ್ಯೆ ಕೊಡುವುದು ಉಳಿದೆಲ್ಲಕ್ಕಿಂತ ಮುಖ್ಯ. ವಿಷಯಕ್ಕೊಂದು ಸರಣಿ ಮಾಡಿದವರು ಕೆಲವು ವರ್ಷಗಳಲ್ಲಿ ಗೊಂದಲಕ್ಕೆ ಬೀಳುವುದನ್ನು ಕಂಡಿದ್ದೇನೆ. ಪ್ರವಾಸದ ಪುಸ್ತಕದಲ್ಲಿ ಖರ್ಚು, ಖರ್ಚಿನ ಪುಸ್ತಕದಲ್ಲಿ ದುಃಖ ನುಸುಳುವುದು ಸಹಜ. ಒಂದು, ಎರಡು, ಮೂರು ಎಂದು ಹೋಗಲಿ. ಬೆನ್ನಿನ ಮೇಲೆ ಸಂಖ್ಯೆಯನ್ನೂ ಮೊದಲ ಮತ್ತು ಕೊನೆಯ ತಾರೀಖನ್ನೂ ಬರೆದು, ಬೇರೊಂದು ತೆಳುವಾದ ಪುಸ್ತಕದಲ್ಲಿ ಎಲ್ಲದರ ಪಟ್ಟಿ ಇಡಬೇಕು. ಪಟ್ಟಿಯ ಬೆಲೆಯನ್ನು ತಿಳಿಯಬೇಕಾದರೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನು ನೆನೆಯಬಹುದು. 1891ರಲ್ಲಿ ಆರಂಭವಾದ ಆ ಸಂಗ್ರಹಕ್ಕೆ ತಂಜಾವೂರಿನ ಕಡೆಯ ಪಂಡಿತರೊಬ್ಬರು ಒಪ್ಪಿಸಿದ ಓಲೆಗರಿಯ ಕಟ್ಟೊಂದನ್ನು ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಗುರುತಿಸಿದ್ದರಿಂದಲೇ ಕೌಟಿಲ್ಯನ ಅರ್ಥಶಾಸ್ತ್ರ 1909ರಲ್ಲಿ ಅಚ್ಚಾಗಿ ಲೋಕಕ್ಕೆ ಮರಳಿ ದೊರೆಯಿತು. ಅದೇ ಕಟ್ಟು ಯಾರದೋ ಅಟ್ಟದ ಮೂಲೆಯಲ್ಲಿ, ಏನೆಂದು ಬಲ್ಲವರಿಲ್ಲದೆ ಬಿದ್ದಿದ್ದರೆ ಒಲೆಗೆ ಹೋಗುತ್ತಿತ್ತೋ ಏನೋ. ನಮ್ಮ ಬರಹಗಳು ಅರ್ಥಶಾಸ್ತ್ರವಲ್ಲ, ಆದರೆ ಒಲೆ ಅದನ್ನು ವಿಚಾರಿಸುವುದಿಲ್ಲ.

ಏನನ್ನು ಬರೆಯಬೇಕು ಎಂದು ಕಲಿಸುವುದು ನನ್ನ ಉದ್ದೇಶವಲ್ಲ. ಆದರೂ ಹಳೆಯ ಪುಸ್ತಕಗಳನ್ನು ಮತ್ತೆ ಓದುವವನಾಗಿ ಎರಡು ಮಾತು ಹೇಳಬೇಕು. ಮೊದಲನೆಯದು, ಮನಸ್ಸಿನ ಬೇಗುದಿಯನ್ನು ಬರೆದ ಪುಟಗಳು ಬರೆದವರಿಗೇ ಬೇಸರ ತರಿಸುತ್ತವೆ, ಸಣ್ಣ ವಿವರಗಳು ವರ್ಷ ಕಳೆದಂತೆ ರುಚಿಯಾಗುತ್ತವೆ. ತಂದೆಯವರ ಪುಸ್ತಕದಲ್ಲಿ ಬೆಲ್ಲದ ಅಚ್ಚಿನ ಎಣಿಕೆಯ ಪಕ್ಕದಲ್ಲಿ ನಾಲೆಗೆ ನೀರು ಬಿಟ್ಟ ತಾರೀಖು, ಕಟ್ಟೆಯ ನೀರಿನ ಮಟ್ಟ ಎಷ್ಟು ಅಡಿ ಎಂಬ ಅಂಕಿ, ಕೊಪ್ಪರಿಗೆಗೆ ಕಲಾಯಿ ಹಾಕಿಸಿದ್ದರ ಖರ್ಚು ಇವೆ. ಕನ್ನಂಬಾಡಿ ಕಟ್ಟೆಯ ಪೂರ್ಣ ಮಟ್ಟ 124.80 ಅಡಿ ಎಂಬುದು ಮಂಡ್ಯದ ಮಕ್ಕಳಿಗೂ ಬಾಯಿಪಾಠವಾದ್ದರಿಂದ, ಆ ಒಂದು ಅಂಕಿಯಿಂದ ಆ ವರ್ಷ ಊರು ನಕ್ಕಿತೋ ಅತ್ತಿತೋ ತಿಳಿದುಬಿಡುತ್ತದೆ. ಎರಡನೆಯದು, ಜನರನ್ನು ಗುರುತು ಸಿಗುವಂತೆ ಬರೆಯಬೇಕು. ‘ಅಣ್ಣ ಬಂದಿದ್ದರು’ ಎಂದರೆ ಯಾವ ಅಣ್ಣ? ನಮ್ಮ ಸೋದರತ್ತೆಯವರ ನೋಟುಪುಸ್ತಕದಲ್ಲಿ ಗಂಡನ ಹೆಸರು ಹೇಳಬಾರದೆಂಬ ರೂಢಿಯಿಂದ ಮಾವನವರು ಎಲ್ಲೆಡೆ ‘ಇವರು’ ಆಗಿದ್ದಾರೆ, ಮಾವನವರ ತಮ್ಮ ‘ಅವರು’ ಆಗಿದ್ದಾರೆ, ಬಾಡಿಗೆಗಿದ್ದ ಮೇಷ್ಟರೂ ‘ಅವರು’ ಆಗಿದ್ದಾರೆ. ಯಾವ ‘ಅವರು’ ಅತ್ತೆಗೆ ಸಾಲ ಕೊಟ್ಟರೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಪುಸ್ತಕದ ಮೊದಲ ಪುಟದಲ್ಲಿ ಹತ್ತು ಹದಿನೈದು ಜನರ ಹೆಸರು, ಸಂಬಂಧ, ಊರು ಬರೆದಿಟ್ಟರೆ ಆಮೇಲೆ ‘ಅಣ್ಣ’, ‘ಚಿಕ್ಕಮ್ಮ’ ಎಂದು ಬರೆದುಕೊಂಡು ಹೋಗಬಹುದು.

ಪುಟದ ನಡುವೆ ಬಸ್ಸಿನ ಟಿಕೆಟ್ಟು, ಬಿಲ್ಲು, ಎಟಿಎಂ ಚೀಟಿ ಅಂಟಿಸುವವರು ಒಂದನ್ನು ತಿಳಿದಿರಬೇಕು. ಯಂತ್ರದಿಂದ ಬರುವ ನುಣುಪಾದ ಚೀಟಿಗಳ ಅಕ್ಷರ ಶಾಯಿಯದಲ್ಲ, ಕಾಗದಕ್ಕೆ ಲೇಪಿಸಿದ ರಾಸಾಯನಿಕ ಬಿಸಿಗೆ ಕಪ್ಪಾಗಿದ್ದು. ಕೆಲವೇ ವರ್ಷಗಳಲ್ಲಿ ಚೀಟಿ ಬೋಳಾಗುತ್ತದೆ. ಅದರಲ್ಲಿರುವುದನ್ನು ಪಕ್ಕದಲ್ಲಿ ಕೈಯಿಂದ ಬರೆದುಬಿಡಿ ಅಥವಾ ಜೆರಾಕ್ಸ್ ಮಾಡಿಸಿ ಅಂಟಿಸಿ.

ಇಡುವ ಜಾಗ

ಮೈಸೂರಿನ ಹವೆ ಪುಸ್ತಕಕ್ಕೆ ಮಂಗಳೂರಿನಷ್ಟು ಕ್ರೂರವಲ್ಲ. ಆದರೂ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಿಂದ ಹಿಡಿದು ದಸರೆಯ ಆಚೆಯ ಮಳೆಯವರೆಗೆ ಗೋಡೆಗಳು ತೇವ ಹಿಡಿಯುತ್ತವೆ, ನಾಲೆಬಯಲಿನ ಊರುಗಳಲ್ಲಿ ನೆಲವೇ ವರ್ಷಪೂರ್ತಿ ತಣ್ಣಗಿರುತ್ತದೆ. ಗಾಳಿಯ ತೇವಾಂಶ ಬಹಳ ದಿನ ಶೇಕಡಾ 65-70ನ್ನು ಮೀರಿ ನಿಂತರೆ ಕಾಗದದ ಮೇಲೆ ಬೂಷ್ಟು ಏಳುತ್ತದೆ. ಗ್ರಂಥಾಲಯಗಳಂತೆ ಹವೆಯನ್ನು ಹದಗೊಳಿಸುವುದು ಮನೆಯಲ್ಲಿ ಆಗದ ಮಾತು. ಜಾಗದ ಆಯ್ಕೆ ಮಾತ್ರ ನಮ್ಮ ಕೈಯಲ್ಲಿದೆ.

ಅಟ್ಟವೂ ನಾಗಂದಿಗೆಯೂ ಮೊದಲ ಶತ್ರುಗಳು. ಅಲ್ಲಿ ಬೇಸಿಗೆಯ ಕಾವು ಹೆಚ್ಚು, ಸೋರಿಕೆ ಮೊದಲು ಬೀಳುವುದು ಅಲ್ಲೇ, ಇಲಿಯ ಓಡಾಟವೂ ಅಲ್ಲೇ. ಎಲ್ಲಕ್ಕಿಂತ ಮಿಗಿಲಾಗಿ ನಾವು ಅಲ್ಲಿಗೆ ವರ್ಷಕ್ಕೊಮ್ಮೆಯೂ ಕಣ್ಣು ಹಾಯಿಸುವುದಿಲ್ಲ. ಬಚ್ಚಲಿನ ಅಥವಾ ಅಡುಗೆಮನೆಯ ಗೋಡೆಗೆ ಬೆನ್ನು ಹಚ್ಚಿದ ಬೀರುವೂ ಬೇಡ. ಮನೆಯ ನಡುಭಾಗದ ಕೋಣೆಯಲ್ಲಿ, ಒಳಗೋಡೆಗೆ ನಾಲ್ಕು ಬೆರಳು ಜಾಗ ಬಿಟ್ಟು ನಿಲ್ಲಿಸಿದ ಕಬ್ಬಿಣದ ಬೀರು ಎಲ್ಲಕ್ಕಿಂತ ವಾಸಿ. ಕೆಳಗಿನ ಅರೆ ನೆಲದಿಂದ ಒಂದು ಗೇಣಾದರೂ ಮೇಲಿರಲಿ. ತಗಡಿನ ಟ್ರಂಕು ಗೆದ್ದಲಿಗೂ ಇಲಿಗೂ ಅಡ್ಡಗೋಡೆಯಾದರೂ ತೇವದ ದಿನ ಮುಚ್ಚಿದರೆ ತೇವವನ್ನೂ ಒಳಗೇ ಕೂಡಿಹಾಕುತ್ತದೆ. ಟ್ರಂಕೇ ಗತಿಯೆಂದಾದರೆ ಒಣಹವೆಯ ಮಾಘ ಮಾಸದಲ್ಲಿ ತುಂಬಿ, ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ, ಎರಡು ಇಟ್ಟಿಗೆಯ ಮೇಲಿಡಿ.

ಸುತ್ತುವುದಕ್ಕೆ ದಿನಪತ್ರಿಕೆ ಬೇಡವೇ ಬೇಡ. ಅದರ ಆಮ್ಲ ಒಳಗಿನ ಪುಸ್ತಕಕ್ಕೂ ಹರಡುತ್ತದೆ. ಪ್ಲಾಸ್ಟಿಕ್ ಹೊದಿಕೆ ಬೆವರುತ್ತದೆ, ಪಿವಿಸಿಯ ಪಾರದರ್ಶಕ ಕವರು ವರ್ಷಗಳ ಮೇಲೆ ಅಕ್ಷರವನ್ನೇ ಕಿತ್ತುಕೊಳ್ಳುತ್ತದೆ. ಓಲೆಗರಿಯ ಕಟ್ಟುಗಳನ್ನು ನಮ್ಮ ಹಿರಿಯರು ಬಟ್ಟೆಯಲ್ಲಿ ಸುತ್ತುತ್ತಿದ್ದುದೇ ಸರಿಯಾದ ಮಾರ್ಗ: ಗಂಜಿಯೆಲ್ಲ ಹೋಗುವಂತೆ ಎರಡು ಮೂರು ಸಲ ಒಗೆದ ಹತ್ತಿಬಟ್ಟೆ, ಹಳೆಯ ಪಂಚೆಯ ತುಂಡಾದರೂ ಸರಿ, ಧೂಳನ್ನು ತಡೆದು ಗಾಳಿಯಾಡಲು ಬಿಡುತ್ತದೆ. ಗಂಜಿ ಹೋಗಲೇಬೇಕೆಂದು ಒತ್ತಿ ಹೇಳುವುದಕ್ಕೆ ಕಾರಣ, ಪುಸ್ತಕದ ಸಂದಿಯಿಂದ ಸರ್ರನೆ ಹರಿದುಹೋಗುವ ಬೂದುಬಣ್ಣದ ಬೆಳ್ಳಿಹುಳುಗಳಿಗೆ ಗಂಜಿಯೆಂದರೆ ಹಬ್ಬದೂಟ; ಮೈದಾ ಅಂಟು ಹಚ್ಚಿದ ಬೆನ್ನನ್ನು ಅವು ಮೊದಲು ತಿನ್ನುವುದೂ ಅದಕ್ಕೇ. ಬೇವಿನ ಸೊಪ್ಪು, ಬಜೆಯ ಬೇರು ಇಡುವ ಪದ್ಧತಿ ಒಳ್ಳೆಯದೇ, ಆದರೆ ಚೆನ್ನಾಗಿ ಒಣಗಿಸಿ ಬಟ್ಟೆಯಲ್ಲಿ ಕಟ್ಟಿಡಬೇಕು, ಪುಟಗಳ ನಡುವೆ ಹಸಿ ಎಲೆ ಇಟ್ಟರೆ ಕಲೆ ಶಾಶ್ವತ. ನುಸಿಗುಳಿಗೆಯನ್ನು ನಾನು ಬಿಟ್ಟಿದ್ದೇನೆ. ಅದರ ಆವಿ ಉಸಿರಿಗೆ ಒಳ್ಳೆಯದಲ್ಲ, ಮಲಗುವ ಕೋಣೆಯ ಬೀರುವಿನಲ್ಲಂತೂ ಸಲ್ಲದು. ಹುಳ ಹತ್ತಿದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೊಗದಂತೆ ಬಿಗಿದು, ಫ್ರಿಜ್ಜಿನ ಮೇಲಿನ ಫ್ರೀಜರಿನಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚದೆ ಬಿಟ್ಟರೆ ಹುಳುಗಳು ಸಾಯುತ್ತವೆ. ಮನೆಯವರಿಗೆ ಮೊದಲೇ ಹೇಳಿ ಮಾಡಿ. ನಾನು ಹೇಳದೆ ಮಾಡಿ, ಬಟಾಣಿಯೆಂದು ಭಾವಿಸಿ ಬಿಚ್ಚಿದವರಿಂದ ಬೈಸಿಕೊಂಡಿದ್ದೇನೆ.

ಪುಸ್ತಕ ನೆನೆದರೆ ಬಿಸಿಲಿಗೆ ಹಾಕಬಾರದು. ಹಾಳೆ ಮುರುಟುತ್ತದೆ, ಬಣ್ಣ ಹೋಗುತ್ತದೆ. ನೆರಳಿನಲ್ಲಿ ಫ್ಯಾನಿನ ಗಾಳಿಗೆ ನಿಲ್ಲಿಸಿ, ಹತ್ತು ಹದಿನೈದು ಪುಟಕ್ಕೊಂದರಂತೆ ಅಚ್ಚಿಲ್ಲದ ಬಿಳಿಯ ಒತ್ತುಕಾಗದ ಇಟ್ಟು, ಅದು ನೆನೆದಂತೆಲ್ಲ ಬದಲಿಸಬೇಕು. ಎರಡು ದಿನದೊಳಗೆ ಒಣಗದಿದ್ದರೆ ಬೂಷ್ಟು ಬರುತ್ತದೆ; ಒಮ್ಮೆಗೇ ಹಲವು ಪುಸ್ತಕ ನೆನೆದಿದ್ದರೆ ಉಳಿದವನ್ನು ಚೀಲದಲ್ಲಿ ಹಾಕಿ ಫ್ರೀಜರಿಗೆ ಸೇರಿಸಿ ಒಂದೊಂದಾಗಿ ಒಣಗಿಸಬಹುದು. ಹರಿದ ಪುಟಕ್ಕೆ ಸೆಲ್ಲೋಟೇಪು ಹಚ್ಚಬೇಡಿ, ಅದರ ಅಂಟು ಹಳದಿಯಾಗಿ ಅಕ್ಷರದೊಳಗೆ ಇಳಿಯುತ್ತದೆ. ತುಕ್ಕು ಹಿಡಿಯುವ ಗುಂಡುಪಿನ್ನು, ಕ್ಲಿಪ್ಪು, ಕರಗಿ ಮೆತ್ತಿಕೊಳ್ಳುವ ರಬ್ಬರ್ ಬ್ಯಾಂಡು ಇವನ್ನೆಲ್ಲ ತೆಗೆದು, ಹತ್ತಿಯ ಲಾಡಿಯಿಂದ ಕಟ್ಟಿ. ಲ್ಯಾಮಿನೇಷನ್ನಿನ ಬಗ್ಗೆ ನನಗೆ ಕಹಿ ಅನುಭವವಿದೆ: ಅಜ್ಜನ ಕೈಬರಹದ ಒಂದೇ ಒಂದು ಹಾಳೆಯನ್ನು ‘ಭದ್ರವಾಗಿರಲಿ’ ಎಂದು ಅಂಗಡಿಯೊಂದರಲ್ಲಿ ಲ್ಯಾಮಿನೇಟ್ ಮಾಡಿಸಿದೆ. ಬಿಸಿಗೆ ಬರಹ ಮಸುಕಾಯಿತು, ಈಗ ಅದನ್ನು ಬಿಡಿಸುವ ಉಪಾಯವಿಲ್ಲ. ಹಳೆಯ ಪುಸ್ತಕಕ್ಕೆ ಹೊಸ ರಟ್ಟು ಕಟ್ಟಿಸುವಾಗಲೂ ಅಂಚನ್ನು ಕತ್ತರಿಸಬಾರದೆಂದು ಬೈಂಡರಿಗೆ ಬಾಯಲ್ಲಿ ಹೇಳಿದರೆ ಸಾಲದು, ಚೀಟಿಯಲ್ಲಿ ಬರೆದು ಅಂಟಿಸಿ ಕೊಡಬೇಕು. ಅಂಚಿನಲ್ಲೇ ಲೆಕ್ಕದ ಮೊತ್ತಗಳಿರುತ್ತವೆ.

ವರ್ಷಕ್ಕೆರಡು ಸಲ ಎಲ್ಲವನ್ನೂ ಹೊರತೆಗೆದು ನೋಡುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ಒಣಗಾಳಿಯಲ್ಲಿ ಒಂದು ದಿನ ಪುಟಗಳನ್ನು ಬೀಸಿ, ಮೆತ್ತನೆಯ ಕುಂಚದಿಂದ ಧೂಳು ತೆಗೆಯುತ್ತೇನೆ. ಎರಡನೆಯದು ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಪುಸ್ತಕ ಇಡುವ ಹಿಂದಿನ ದಿನ. ಮಳೆಗಾಲದ ಹಾನಿ ಏನಾಗಿದೆಯೆಂದು ಆಗ ತಿಳಿಯುತ್ತದೆ. ಪೂಜೆಗೆ ಮೇಲಿನ ಎರಡು ಪುಸ್ತಕ ಇಟ್ಟು ಕುಂಕುಮ ಹಚ್ಚಿದರೆ ಸಾಕು, ಅಕ್ಷತೆಯ ಕಾಳು ಪುಟಗಳೊಳಗೆ ಉಳಿಯದಂತೆ ನೋಡಿಕೊಳ್ಳಬೇಕು.

ಮನೆಯ ಹಳೆಯ ಪುಸ್ತಕಗಳು

ತಮ್ಮ ಪುಸ್ತಕಗಳ ಜೊತೆಗೆ ಹಿರಿಯರದನ್ನೂ ಕೂಡಿಸುವ ಆಸೆ ಬಹಳ ಜನರಿಗೆ ಬರುತ್ತದೆ. ಆಗ ದಿನಚರಿ ಎಂಬ ಹೆಸರಿರುವುದನ್ನು ಮಾತ್ರ ಹುಡುಕಬಾರದು. ಪಂಚಾಂಗದ ಅಂಚಿನ ಟಿಪ್ಪಣಿ, ಹಾಲಿನ ಲೆಕ್ಕ ಗೀಚಿದ ಕ್ಯಾಲೆಂಡರು, ಮದುವೆಯ ಮುಯ್ಯಿ ಪುಸ್ತಕ, ಹಾಡಿನ ಪುಸ್ತಕ, ಆಳುಕಾಳಿನ ಬಟವಾಡೆ ಚೀಟಿ ಇವೆಲ್ಲ ದಿನಚರಿಗಳೇ. ಮುಯ್ಯಿ ಪುಸ್ತಕವೊಂದರಿಂದ ಆ ದಿನ ಮನೆಯ ನಂಟು ಎಲ್ಲಿಯವರೆಗೆ ಚಾಚಿತ್ತೆಂಬುದು ಯಾವ ಆತ್ಮಕಥೆಗಿಂತಲೂ ಸ್ಪಷ್ಟವಾಗಿ ತಿಳಿಯುತ್ತದೆ.

ತಾರೀಖಿಲ್ಲದ ಪುಸ್ತಕದ ಕಾಲವನ್ನು ಒಳಗಿನ ಗುರುತುಗಳಿಂದ ಹಿಡಿಯಬಹುದು. ಲೆಕ್ಕ ರೂಪಾಯಿ, ಆಣೆ, ಪೈಗಳಲ್ಲಿದ್ದರೆ ಅದು 1957ರ ಏಪ್ರಿಲ್ 1ಕ್ಕಿಂತ ಹಿಂದಿನದು ಎನ್ನಬಹುದು. ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಇಲ್ಲೊಂದು ಎಚ್ಚರಿಕೆ ಬೇಕು. ಹೊಸ ನಾಣ್ಯ ಬಂದ ಎಷ್ಟೋ ವರ್ಷಗಳವರೆಗೆ ಜನ ಇಪ್ಪತ್ತೈದು ಪೈಸೆಗೆ ನಾಲ್ಕಾಣೆ ಎಂದೇ ಹೇಳುತ್ತಿದ್ದರು, ಬರೆಯುತ್ತಲೂ ಇದ್ದರು. ಆದ್ದರಿಂದ ಆಣೆಯನ್ನು ನಂಬಬೇಡಿ, ಪೈಯನ್ನು ನಂಬಿ. ‘ನಯಾ ಪೈಸೆ’ ಎಂದಿದ್ದರೆ ಅದು 1957ರಿಂದ 1964ರ ನಡುವಿನ ಬರಹವಾಗಿರುವ ಸಂಭವ ಹೆಚ್ಚು, ಏಕೆಂದರೆ 1964ರಲ್ಲಿ ‘ನಯಾ’ ಬಿದ್ದುಹೋಗಿ ಬರೀ ಪೈಸೆ ಉಳಿಯಿತು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡು ಇದ್ದರೆ 1972ರ ಆಗಸ್ಟ್ 15ರ ಈಚಿನದು. ‘ಮೈಸೂರು ರಾಜ್ಯ’ ಎಂದು ಅಚ್ಚಾದ ರಸೀತಿ 1973ರ ನವೆಂಬರ್ 1ರ ನಾಮಕರಣಕ್ಕೆ ಮೊದಲಿನದು. ಮಂಡ್ಯವನ್ನು ಮೈಸೂರು ಜಿಲ್ಲೆಗೆ ಸೇರಿಸಿ ಬರೆದಿದ್ದರೆ 1939ರಲ್ಲಿ ಜಿಲ್ಲೆಯಾಗುವುದಕ್ಕೂ ಹಿಂದಿನದು.

ಸಂವತ್ಸರದ ಹೆಸರಿದ್ದರೆ ಇನ್ನೂ ಸುಲಭ. ಅರವತ್ತು ಹೆಸರುಗಳು ಸುತ್ತಿ ಬರುವುದರಿಂದ ಒಂದೇ ಹೆಸರಿನ ಎರಡು ವರ್ಷಗಳಿಗೆ ಅರವತ್ತು ವರ್ಷದ ಅಂತರ: ‘ಪ್ಲವ ಸಂ|| ಶ್ರಾವಣ’ ಎಂದಿದ್ದರೆ ಅದು 2021 ಆಗಿರಬೇಕು, ಇಲ್ಲವೇ 1961, ಇಲ್ಲವೇ 1901, ಬೆಲೆಗಳನ್ನು ನೋಡಿದರೆ ಮೂರರಲ್ಲಿ ಯಾವುದೆಂದು ತಾನಾಗಿ ತಿಳಿಯುತ್ತದೆ. ಹೀಗೆ ಕಂಡುಕೊಂಡ ಕಾಲವನ್ನು ಪುಸ್ತಕದ ಮೇಲೆ ಪೆನ್ನಿನಲ್ಲಿ ಬರೆಯದೆ, ಪೆನ್ಸಿಲಿನಲ್ಲಿ, ‘ನನ್ನ ಊಹೆ’ ಎಂದು ಸೇರಿಸಿ ಬರೆಯಬೇಕು. ಓದಲು ಬಲ್ಲ ಹಿರಿಯರು ಇರುವಾಗಲೇ ಅವರ ಎದುರಿಗೆ ಕುಳಿತು ಪುಟ ತಿರುವಿಹಾಕುತ್ತ ಅವರ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡರೆ, ಪುಸ್ತಕದಲ್ಲಿಲ್ಲದ ಅರ್ಧದಷ್ಟು ಸಂಗತಿ ಹೊರಬರುತ್ತದೆ.

ಫೋಟೊ ತೆಗೆದಿಡುವ ವಿಷಯವನ್ನು ಚಿಕ್ಕದಾಗಿ ಮುಗಿಸುತ್ತೇನೆ. ಸ್ಕ್ಯಾನರು ಇದ್ದರೆ 300 ಡಿಪಿಐ (ಅಂಗುಲಕ್ಕೆ 300 ಚುಕ್ಕಿ) ಸಾಕು. ಫೋನಾದರೆ ಕಿಟಕಿಯ ಪಕ್ಕದ ಹಗಲುಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಪುಟಕ್ಕೆ ನೇರವಾಗಿ ಹಿಡಿದು ತೆಗೆಯಬೇಕು. ಫೈಲಿನ ಹೆಸರು ಪುಸ್ತಕದ ಸಂಖ್ಯೆಯಿಂದ ಶುರುವಾಗಿ ಪುಟಸಂಖ್ಯೆಯಲ್ಲಿ ಮುಗಿಯಲಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ ನಿಯಮ ಒಳ್ಳೆಯದು. ಹಿಂದೆ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿಟ್ಟಿರುವವರು ಅದನ್ನು ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು, ಇಲ್ಲವಾದರೆ ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಫೋಟೊ ತೆಗೆದಾಯಿತೆಂದು ಮೂಲವನ್ನು ಎಸೆಯುವ ಯೋಚನೆ ಮಾತ್ರ ಬೇಡ.

ಯಾರು ಓದಬಹುದು

ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರು ತಮ್ಮ ಕನಸುಗಳನ್ನು ಪಾರಸಿಯಲ್ಲಿ ಸ್ವಹಸ್ತದಿಂದ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದರು, ಅದನ್ನು ಯಾರಿಗೂ ತೋರಿಸುತ್ತಿರಲಿಲ್ಲ. 1799ರಲ್ಲಿ ಕೋಟೆ ಬಿದ್ದ ಮೇಲೆ ಅದು ಅರಮನೆಯಲ್ಲಿ ಸಿಕ್ಕಿತು. 37 ಕನಸುಗಳ ಆ ಪುಸ್ತಕ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ, ಬೇಕಾದವರು ಅನುವಾದದಲ್ಲಿ ಓದಬಹುದು. ಬರೆದವರ ಅಪ್ಪಣೆಯನ್ನು ಕೇಳುವ ಸಂದರ್ಭವೇ ಅಲ್ಲಿರಲಿಲ್ಲ. ನಮಗೆ ಆ ಅವಕಾಶ ಇರುವುದರಿಂದ ಬದುಕಿರುವಾಗಲೇ ಪುಸ್ತಕಗಳನ್ನು ಮೂರು ಗುಂಪಾಗಿ ಬೇರ್ಪಡಿಸಿಡುವುದು ವಿವೇಕ: ಯಾರು ಬೇಕಾದರೂ ಓದಬಹುದಾದವು, ಇಂತಿಷ್ಟು ವರ್ಷಗಳ ನಂತರ ಓದಬಹುದಾದವು, ಓದದೆ ಸುಡಬೇಕಾದವು. ಮೂರನೆಯ ಗುಂಪಿನವನ್ನು ಮಕ್ಕಳು ಸುಡುತ್ತಾರೆಂದು ನಂಬಿ ಬಿಡಬಾರದು, ಅದು ಅವರ ಮೇಲೆ ಹೊರಿಸಬಾರದ ಭಾರ. ಬೇಡವೆನಿಸಿದ್ದನ್ನು ನಾವೇ ಸುಡಬೇಕು. ಸಿಟ್ಟಿನಲ್ಲಿ ಬರೆದದ್ದನ್ನು ಸಿಟ್ಟಿನಲ್ಲೇ ಸುಡುವುದು ಬೇಡ, ಒಂದು ವರ್ಷ ಬಿಟ್ಟು ಮತ್ತೊಮ್ಮೆ ಓದಿ ನಿರ್ಧರಿಸುವುದು ಲೇಸು. ನಾನು ಹಾಗೆ ಬಿಟ್ಟಿದ್ದರಿಂದಲೇ ಎರಡು ಪುಸ್ತಕ ಉಳಿದಿವೆ.

ಗುಜರಿ ಅಂಗಡಿಯಲ್ಲಿ ಅಪರಿಚಿತರ ಡೈರಿ ಸಿಕ್ಕರೆ ಕೊಳ್ಳುವ ಸಂಗ್ರಾಹಕರೂ ಇದ್ದಾರೆ. ಐವತ್ತು ವರ್ಷಕ್ಕಿಂತ ಹಳೆಯ ಲೆಕ್ಕದ ಪುಸ್ತಕವಾದರೆ ನಾನೂ ಕೊಳ್ಳುತ್ತೇನೆ. ಇತ್ತೀಚಿನದಾಗಿ, ಒಳಗೆ ಹೆಸರು-ವಿಳಾಸ ಇದ್ದರೆ ಮನೆಯವರಿಗೆ ತಲುಪಿಸಲು ಯತ್ನಿಸುತ್ತೇನೆ, ಅವರಿಗೆ ಬೇಡವಾದರೆ ಮಾತ್ರ ಇಟ್ಟುಕೊಳ್ಳುತ್ತೇನೆ. ಮನೆಯಲ್ಲಿ ಇಡುವವರಿಲ್ಲವೆಂದಾದರೆ ಮೈಸೂರಿನಲ್ಲೇ ಇರುವ ರಾಜ್ಯ ಪತ್ರಾಗಾರ ಇಲಾಖೆಯ ವಿಭಾಗೀಯ ಕಚೇರಿಯನ್ನೋ ವಿಶ್ವವಿದ್ಯಾನಿಲಯದ ಅಧ್ಯಯನ ವಿಭಾಗವನ್ನೋ ಕೇಳಿನೋಡಬಹುದು. ಒಪ್ಪಿಸುವಾಗ ಪುಸ್ತಕಗಳ ಪಟ್ಟಿಗೆ ಇಬ್ಬರ ಸಹಿ ಇರಬೇಕು, ಎಷ್ಟು ವರ್ಷದವರೆಗೆ ಯಾರಿಗೂ ತೋರಿಸಬಾರದೆಂಬ ಷರತ್ತನ್ನು ಅದರಲ್ಲೇ ಬರೆಯಿಸಬೇಕು.

ನಮ್ಮ ಬೀರುವಿನ ಬಾಗಿಲ ಒಳಬದಿಗೆ ಒಂದು ಹಾಳೆ ಅಂಟಿಸಿದ್ದೇನೆ. ಒಟ್ಟು ಎಷ್ಟು ಪುಸ್ತಕ, ಯಾವ ಅರೆಯಲ್ಲಿ ಯಾವ ವರ್ಷದವು, ತಂದೆಯವರ ಏಳು ಎಲ್ಲಿವೆ, ಪ್ರತಿಗಳಿರುವ ಪೆನ್‌ಡ್ರೈವ್ ಯಾರ ಬಳಿ ಇದೆ, ಜಾಗ ಸಾಲದಿದ್ದರೆ ಮೊದಲು ಯಾವುದನ್ನು ಬಿಡಬಹುದು ಎಂಬುದೆಲ್ಲ ಅದರಲ್ಲಿದೆ. ಪ್ರತಿ ಸಂಕ್ರಾಂತಿಗೆ ತಿದ್ದುತ್ತೇನೆ. ಕಳೆದ ಸಲ ಮಗಳಿಗೆ ಓದಿಸಿದಾಗ ಆಕೆ, ‘ಅಪ್ಪ, ತಾತನ ಪುಸ್ತಕದಲ್ಲಿ ಅಂಕಿಯ ಮುಂದೆ ಎಳೆದಿರುವ ಸಣ್ಣ ಗೆರೆಗಳಿಗೆ ಅರ್ಥ ಏನೆಂದು ಇದರಲ್ಲಿ ಇಲ್ಲವಲ್ಲ’ ಎಂದಳು. ಆ ಗೆರೆಗಳು ಕಾಲು, ಅರೆ, ಮುಕ್ಕಾಲಿನ ಗುರುತುಗಳೆಂದು ಬಲ್ಲವನು ಮನೆಯಲ್ಲಿ ಈಗ ನಾನೊಬ್ಬನೇ. ಅವುಗಳ ಕೀಲಿಪಟ್ಟಿಯನ್ನು ಒಂದನೆಯ ಪುಸ್ತಕದಿಂದ ಶುರುಮಾಡಿ ಬರೆಯುತ್ತಿದ್ದೇನೆ, ಮೂರರವರೆಗೆ ಬಂದಿದೆ.